ಫ್ಲೂಕ್ 87ವಿ ಮಲ್ಟಿಮೀಟರ್: ಎಕ್ಸ್‌ಕವೇಟರಿನ ಆಯಿಲ್ ಪ್ರೆಶರ್ ಸೆನ್ಸರ್ ವೈರಿಂಗ್ ಪರೀಕ್ಷೆಯಲ್ಲಿ ಅದು ಎಷ್ಟು ಉಪಯುಕ್ತ?

ಫ್ಲೂಕ್ 87ವಿ ಮೀಟರನ್ನು ಸಾಮಾನ್ಯವಾಗಿ ಕಾರ್ಖಾನೆಯ ಮೋಟಾರು, ಡ್ರೈವ್ ಮತ್ತು ಪ್ಯಾನೆಲ್ ಕೆಲಸದವರು ಮೆಚ್ಚಿಕೊಳ್ಳುತ್ತಾರೆ. ನಾನು ಅದನ್ನು ಬಳಸುವುದು ಸಂಡೂರು ಭಾಗದ ಕಬ್ಬಿಣದ ಅದಿರಿನ ಗಣಿಗಳಲ್ಲಿ ದುಡಿಯುವ ಎಕ್ಸ್‌ಕವೇಟರ್‌ಗಳ ಮೇಲೆ, ಅದರಲ್ಲೂ ಮುಖ್ಯವಾಗಿ ಎಂಜಿನ್ ಆಯಿಲ್ ಪ್ರೆಶರ್ ಸೆನ್ಸರಿನ ವೈರಿಂಗ್ ದೋಷ ಹುಡುಕುವುದಕ್ಕೆ. ಹಾಗಾಗಿ ಈ ವಿಮರ್ಶೆಯನ್ನು ಆ ಒಂದು ಕೆಲಸಕ್ಕೇ ಸೀಮಿತಗೊಳಿಸುತ್ತೇನೆ. ಈ ಕೆಲಸದ ಮಟ್ಟಿಗೆ, ಮೀಟರಿಗೆ ಕೊಟ್ಟ ಹಣದ ಬಹುಪಾಲು ಅದರ ‘ಮಿನ್ ಮ್ಯಾಕ್ಸ್’ (ಅಳತೆಯ ಕನಿಷ್ಠ, ಗರಿಷ್ಠ ಮೌಲ್ಯಗಳನ್ನು ದಾಖಲಿಸುವ) ಗುಂಡಿಯೊಂದರಿಂದಲೇ ವಸೂಲಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಮೀಟರಿನ ವಿಷಯಕ್ಕೆ ಬರುವ ಮೊದಲು ಯಂತ್ರ ತೋರಿಸುವ ದೋಷ ಕೋಡ್‌ಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಭಾರಿ ಯಂತ್ರಗಳ ಕಂಪ್ಯೂಟರುಗಳು ದೋಷ ತಿಳಿಸುವ ಜೆ1939 ಪದ್ಧತಿಯಲ್ಲಿ ಎಂಜಿನ್ ಆಯಿಲ್ ಪ್ರೆಶರಿನ ಸಂಖ್ಯೆ ಎಸ್‌ಪಿಎನ್ 100. ಅದರ ಜೊತೆಗೆ ದೋಷದ ಬಗೆಯನ್ನು ಹೇಳುವ ಸಂಖ್ಯೆಯಾಗಿ ಎಫ್‌ಎಂಐ 3 ಬಂದರೆ ಸಿಗ್ನಲ್ ವೋಲ್ಟೇಜ್ ಇರಬೇಕಾದುದಕ್ಕಿಂತ ಹೆಚ್ಚಿದೆ ಎಂದೂ, ಎಫ್‌ಎಂಐ 4 ಬಂದರೆ ಕಡಿಮೆಯಿದೆ ಎಂದೂ ಅರ್ಥ. ಕಮ್ಮಿನ್ಸ್ ಎಂಜಿನ್‌ಗಳಲ್ಲಿ ಇವೇ 135 ಮತ್ತು 141 ಎಂಬ ಸಂಖ್ಯೆಗಳಾಗಿ ಕಾಣಿಸುತ್ತವೆ. ಈ ಎರಡೂ ವಿದ್ಯುತ್ತಿಗೆ ಸಂಬಂಧಿಸಿದ ದೂರುಗಳು. ಆದರೆ ಎಫ್‌ಎಂಐ 1, ಅಂದರೆ ಕಮ್ಮಿನ್ಸ್‌ನ 415, ಪ್ರೆಶರ್ ಅಪಾಯದ ಮಟ್ಟಕ್ಕೆ ಇಳಿದಿದೆ ಎಂದು ಹೇಳುವ ಕೋಡ್. ಅದು ಬಂದಾಗ ಎಂಜಿನ್ ನಿಲ್ಲಿಸಿ, ಆಯಿಲ್ ಮಟ್ಟ ನೋಡಿ, ಸೆನ್ಸರ್ ಬಿಚ್ಚಿದ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ ನಿಜವಾದ ಪ್ರೆಶರ್ ತಿಳಿದುಕೊಳ್ಳುವವರೆಗೆ ಯಾವ ಮಲ್ಟಿಮೀಟರಿಗೂ ಅಲ್ಲಿ ಕೆಲಸವಿಲ್ಲ. ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಊಹಿಸಿ ಯಂತ್ರ ಓಡಿಸಿದರೆ ಬೇರಿಂಗ್ ಮತ್ತು ಕ್ರ್ಯಾಂಕ್‌ಶಾಫ್ಟ್ ಎರಡನ್ನೂ ಕಳೆದುಕೊಳ್ಳುವ ಸಾಧ್ಯತೆಯಿದೆ.

ಪ್ರೆಶರ್ ಸರಿಯಿದೆ ಎಂದು ಗೇಜ್ ಹೇಳಿದ ಮೇಲೆ ಮೀಟರಿನ ಸರದಿ. ಸೆನ್ಸರಿಗೆ ಮೂರು ವೈರ್‌ಗಳು ಬರುತ್ತವೆ: 5 ವೋಲ್ಟ್ ಸಪ್ಲೈ, ರಿಟರ್ನ್ ಮತ್ತು ಸಿಗ್ನಲ್. ಕೀ ಆನ್ ಆಗಿದ್ದು ಎಂಜಿನ್ ನಿಂತಿರುವಾಗ ಸಿಗ್ನಲ್ ವೈರಿನಲ್ಲಿ ಸಾಮಾನ್ಯವಾಗಿ 0.5 ವೋಲ್ಟ್ ಆಸುಪಾಸು ಇರುತ್ತದೆ. ಪ್ರೆಶರ್ ಏರಿದಂತೆ ಅದು 4.5 ವೋಲ್ಟಿನತ್ತ ಏರುತ್ತದೆ. 87ವಿ ಈ ವ್ಯಾಪ್ತಿಯಲ್ಲಿ ಒಂದು ಮಿಲಿವೋಲ್ಟ್‌ವರೆಗಿನ ವ್ಯತ್ಯಾಸ ತೋರಿಸುತ್ತದೆ, ಅದರ ಡಿಸಿ ನಿಖರತೆ ಶೇ. 0.05. ಇಷ್ಟೊಂದು ನಿಖರತೆ ಈ ಕೆಲಸಕ್ಕೆ ಅಗತ್ಯವಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ವೈರ್ ಪೂರ್ತಿ ತುಂಡಾಗಿದ್ದರೆ, ಅಥವಾ 5 ವೋಲ್ಟ್ ಲೈನ್ ಬಾಡಿಗೆ ತಗುಲಿ ಶಾರ್ಟ್ ಆಗಿದ್ದರೆ, ಸಾಧಾರಣ ಬೆಲೆಯ ಮೀಟರ್ ಕೂಡ ಅದನ್ನು ಅಷ್ಟೇ ಬೇಗ ತೋರಿಸಿಕೊಡುತ್ತದೆ.

ಕಷ್ಟ ಕೊಡುವುದು ಬಂದು ಹೋಗುವ ದೋಷ. ಬಂಡೆಯ ಮೇಲೆ ಬಕೆಟ್ ಬಡಿದಾಗ ಅಲಾರಂ ಕೂಗುತ್ತದೆ, ಆಪರೇಟರ್ ಯಂತ್ರ ನಿಲ್ಲಿಸುತ್ತಾನೆ, ನಾವು ಹೋಗಿ ಮೀಟರ್ ಹಿಡಿಯುವ ಹೊತ್ತಿಗೆ ಎಲ್ಲವೂ ಸರಿಯಿರುತ್ತದೆ. ಇಂಥ ಹೊತ್ತಿನಲ್ಲೇ ಸುಸ್ಥಿತಿಯಲ್ಲಿರುವ ಸೆನ್ಸರನ್ನು ಬಿಚ್ಚಿ ಹೊಸದನ್ನು ಹಾಕುವ ರೂಢಿ ಬೆಳೆದಿದೆ. ಕನೆಕ್ಟರ್ ಬಿಚ್ಚಿ ಹಾಕಿದ್ದರಿಂದಲೇ ಪಿನ್ನುಗಳು ತಾತ್ಕಾಲಿಕವಾಗಿ ಸರಿಯಾಗಿ ಕೂತು ಕೋಡ್ ಮಾಯವಾಗುತ್ತದೆ, ಎಲ್ಲರೂ ಹೊಸ ಸೆನ್ಸರಿಗೆ ಶಹಬ್ಬಾಸ್ ಹೇಳುತ್ತಾರೆ, ಕೆಲವು ದಿನಗಳಲ್ಲಿ ಅದೇ ಕೋಡ್ ಮರಳುತ್ತದೆ.

ಇಲ್ಲಿ ನಾನು ಮಾಡುವುದು ಹೀಗೆ. ಸೆನ್ಸರಿನ ಜಾಗದಲ್ಲಿ ಕನೆಕ್ಟರ್ ಮುಟ್ಟುವುದಿಲ್ಲ. ಇಸಿಎಂ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬದಿಯಲ್ಲಿ ಬ್ರೇಕ್‌ಔಟ್ ಹಾರ್ನೆಸ್ (ವೈರ್ ಚುಚ್ಚದೆ ಅಳೆಯಲು ನಡುವೆ ಜೋಡಿಸುವ ವೈರ್ ಗುಚ್ಛ) ಸೇರಿಸಿ, ಸಿಗ್ನಲ್ ಮತ್ತು ರಿಟರ್ನ್ ನಡುವೆ ಮೀಟರ್ ಇಟ್ಟು, ಎಂಜಿನ್ ನಿಂತಿರುವಂತೆಯೇ ಕೀ ಆನ್ ಮಾಡಿ ‘ಮಿನ್ ಮ್ಯಾಕ್ಸ್’ ಒತ್ತುತ್ತೇನೆ. ಅಲ್ಲಿಂದ ಮುಂದೆ ಕಣ್ಣು ಮೀಟರಿನ ಮೇಲೆ ಇರಬೇಕಾಗಿಲ್ಲ, ಎರಡೂ ಕೈ ಯಂತ್ರದ ವೈರಿಂಗ್ ಹಾರ್ನೆಸ್ ಮೇಲಿರಬಹುದು. ಸೆನ್ಸರಿನಿಂದ ಆರಂಭಿಸಿ ಒಂದೊಂದು ಗೇಣು ವೈರನ್ನು ಬಗ್ಗಿಸುತ್ತಾ, ಪ್ರತಿ ಕ್ಲ್ಯಾಂಪಿನ ಬಳಿ ಎಳೆದು ನೋಡುತ್ತಾ ಸಾಗಿದಾಗ, ಹೊಸ ಗರಿಷ್ಠ ಅಥವಾ ಕನಿಷ್ಠ ಮೌಲ್ಯ ದಾಖಲಾದ ಕ್ಷಣದಲ್ಲಿ ಮೀಟರ್ ಬೀಪ್ ಎನ್ನುತ್ತದೆ. 0.5 ವೋಲ್ಟಿನಲ್ಲಿ ನಿಂತಿದ್ದ ಸಿಗ್ನಲ್‌ನ ಗರಿಷ್ಠ ದಾಖಲೆ 4.9 ದಾಟಿದ್ದರೆ, ಆಗ ಕೈಯಲ್ಲಿದ್ದ ಜಾಗದಲ್ಲೇ ವೈರ್ ತೆರೆದುಕೊಳ್ಳುತ್ತಿದೆ ಎಂದು ತಿಳಿಯಬಹುದು. ಇಸಿಎಂ ಒಳಗಿನಿಂದ ಸಿಗ್ನಲ್ ಲೈನನ್ನು 5 ವೋಲ್ಟಿಗೆ ಎಳೆದಿಟ್ಟಿರುವ (ವೈರ್ ತೆರೆದುಕೊಂಡರೆ 5 ವೋಲ್ಟ್‌ನತ್ತ ಏರುವ) ಎಂಜಿನ್‌ಗಳ ಲೆಕ್ಕ ಇದು. ಕೆಳಕ್ಕೆ ಎಳೆದಿಟ್ಟಿರುವಲ್ಲಿ ಅದೇ ದೋಷ ಸೊನ್ನೆಯತ್ತ ಕಾಣಿಸುವುದರಿಂದ, ಆಯಾ ಎಂಜಿನ್‌ನ ಸರ್ವಿಸ್ ಮ್ಯಾನ್ಯುಯಲ್ ಪಕ್ಕದಲ್ಲಿರಲೇಬೇಕು. ಬ್ರ್ಯಾಕೆಟ್ಟಿನ ಅಂಚಿಗೆ ಉಜ್ಜಿ ಹೊದಿಕೆ ಸವೆದ ತಾವು, ನೀರಿನ ಪ್ರೆಶರಿನಲ್ಲಿ ತೊಳೆದಾಗ ಕೆಂಪು ಧೂಳು ಕೆಸರಾಗಿ ಒಳಹೊಕ್ಕ ಕನೆಕ್ಟರ್, ಬಾಯಿ ಅಗಲವಾಗಿ ಬಿಗಿ ಕಳೆದುಕೊಂಡ ಟರ್ಮಿನಲ್: ನನ್ನ ಅನುಭವದಲ್ಲಿ ದೋಷಗಳು ಹೆಚ್ಚಾಗಿ ಸಿಕ್ಕಿರುವುದು ಇಲ್ಲೇ.

ಸಾಮಾನ್ಯ ದಾಖಲೆಯಲ್ಲಿ ಈ ಮೀಟರ್ 100 ಮಿಲಿಸೆಕೆಂಡಿಗಿಂತ ಚಿಕ್ಕ ಏರಿಳಿತವನ್ನು ಸರಿಯಾಗಿ ಹಿಡಿಯದು. ಅದಕ್ಕಾಗಿ ಪೀಕ್ ವಿಧಾನವಿದೆ. ಅದು 250 ಮೈಕ್ರೊಸೆಕೆಂಡಿನಷ್ಟು ಸಣ್ಣ ಬದಲಾವಣೆಯನ್ನೂ ಹಿಡಿಯುತ್ತದೆ. ಎಂಜಿನ್ ಓಡುತ್ತಿರುವಾಗ ಮಾತ್ರ ಪೀಕ್ ದಾಖಲೆಯನ್ನು ನಂಬುವುದಕ್ಕೆ ಹಿಂಜರಿಯಬೇಕು, ಏಕೆಂದರೆ ಆಲ್ಟರ್ನೇಟರ್ ಮತ್ತು ಸೊಲೆನಾಯ್ಡುಗಳ ಗದ್ದಲವೂ ಅದರಲ್ಲಿ ಸೇರಿಬಿಡುತ್ತದೆ. ಬೀಪ್ ಶಬ್ದವೂ ಆಗ ಕೇಳಿಸುವುದಿಲ್ಲ.

ಇನ್ನೊಂದು ಪರೀಕ್ಷೆಯನ್ನು ಹೆಚ್ಚಿನವರು ಮಾಡುವುದೇ ಇಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಅದು ಎಲ್ಲಕ್ಕಿಂತ ಮುಖ್ಯವಾದುದು. ಸೆನ್ಸರಿನ ರಿಟರ್ನ್ ಪಿನ್ ಮತ್ತು ಇಸಿಎಂ ಬಳಿಯ ರಿಟರ್ನ್ ಪಿನ್ ನಡುವಿನ ವೋಲ್ಟೇಜನ್ನು, ಕನೆಕ್ಟರ್‌ಗಳು ಹಾಕಿರುವಂತೆಯೇ, ಮಿಲಿವೋಲ್ಟಿನಲ್ಲಿ ಅಳೆಯಬೇಕು. ಸೆನ್ಸರ್ 10 ಮಿಲಿಆಂಪ್ ಎಳೆಯುತ್ತಿದ್ದು, ಕಿಲುಬು ಹಿಡಿದ ಟರ್ಮಿನಲ್ 30 ಓಮ್ ತಡೆಯೊಡ್ಡುತ್ತಿದೆ ಎಂದುಕೊಳ್ಳಿ; ಅಲ್ಲಿ 300 ಮಿಲಿವೋಲ್ಟ್ ಇಳಿಯುತ್ತದೆ, ಸಿಗ್ನಲ್ ಹೆಚ್ಚುಕಡಿಮೆ ಕಾಲು ವೋಲ್ಟ್ ಮೇಲಕ್ಕೆ ಸರಿಯುತ್ತದೆ. 0.5ರಿಂದ 4.5ರವರೆಗಿನ ನಾಲ್ಕು ವೋಲ್ಟ್ ವ್ಯಾಪ್ತಿಯಲ್ಲಿ 100 ಪಿಎಸ್‌ಐ (ಒತ್ತಡದ ಮಾನ) ಅಳೆಯುವ ಸೆನ್ಸರಾದರೆ ಮಾನಿಟರಿನಲ್ಲಿ ಸುಮಾರು 6 ಪಿಎಸ್‌ಐ ಹೆಚ್ಚು ಕಾಣಿಸುತ್ತದೆ. ಕಮ್ಮಿನ್ಸ್‌ನ 5.9 ಲೀಟರ್ ಎಂಜಿನ್‌ಗೆ ಐಡಲ್‌ನಲ್ಲಿ ಕನಿಷ್ಠ 10 ಪಿಎಸ್‌ಐ ಇರಬೇಕು. ನಿಜವಾದ ಪ್ರೆಶರ್ ಅದಕ್ಕಿಂತ ಕೆಳಗಿಳಿದರೂ ಕೋಡ್ ಬಾರದೆ ಹೋಗಬಹುದಾದ ಸ್ಥಿತಿ ಇದು. 87ವಿ ಮಿಲಿವೋಲ್ಟ್ ರೇಂಜಿನಲ್ಲಿ 0.1 ಮಿಲಿವೋಲ್ಟ್‌ವರೆಗೆ ತೋರಿಸುವುದರಿಂದ, ಕಿಲುಬು ಇನ್ನೂ ಆರಂಭದ ಹಂತದಲ್ಲಿರುವಾಗಲೇ ಗೊತ್ತಾಗುತ್ತದೆ. ಇಲ್ಲಿ ಒಳ್ಳೆಯ ಮೀಟರಿನ ನಿಖರತೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಕೊರತೆಗಳೂ ಇವೆ. ಈ ಮೀಟರ್ ಧೂಳು, ನೀರು ಒಳಹೋಗದಂತೆ ಸೀಲ್ ಮಾಡಿದ್ದಲ್ಲ, ಗಣಿಯಲ್ಲಿ ಇದು ದೊಡ್ಡ ವಿಷಯ. ಅದೇ ಕಂಪನಿಯ 87ವಿ ಮ್ಯಾಕ್ಸ್ ಮಾದರಿಗೆ ಧೂಳು, ನೀರು ತಡೆಯುವ ಐಪಿ67 ರಕ್ಷಣೆ ಇದೆ. ಹೊಸದಾಗಿ ಕೊಳ್ಳುವವರು ಗಣಿಯಲ್ಲಿ ಕೆಲಸ ಮಾಡುವವರಾದರೆ ಅದನ್ನೇ ನೋಡುವುದು ಒಳ್ಳೆಯದು. ಕೋಡ್ ಓದುವುದಕ್ಕೆ ಬೇರೆ ಉಪಕರಣ ಬೇಕೇ ಬೇಕು. ಕ್ಯಾನ್ ಲೈನಿನ (ಯಂತ್ರದ ಕಂಪ್ಯೂಟರುಗಳು ಪರಸ್ಪರ ಮಾಹಿತಿ ಕಳಿಸುವ ವೈರ್ ಜೋಡಿ) ವಿಷಯದಲ್ಲಿ ಈ ಮೀಟರಿನಿಂದ ಮುಖ್ಯವಾಗಿ ಆಗುವುದು ಬ್ಯಾಟರಿ ಕಳಚಿ 60 ಓಮ್ ಬರುತ್ತದೆಯೇ ಎಂದು ನೋಡುವುದು.

ಒಂದೇ ಒಂದು ಯಂತ್ರವಿರುವ ಮಾಲೀಕರಿಗೆ ಈ ಮೀಟರನ್ನು ನಾನು ಶಿಫಾರಸು ಮಾಡುವುದಿಲ್ಲ. ಅವರು ಆ ಹಣದಲ್ಲಿ ಒಳ್ಳೆಯ ಮೆಕ್ಯಾನಿಕಲ್ ಗೇಜ್, ಅದಕ್ಕೆ ಹೊಂದುವ ಅಡಾಪ್ಟರ್‌ಗಳು ಮತ್ತು ಸಾಧಾರಣ ಮೀಟರ್ ಒಂದನ್ನು ಕೊಂಡರೆ ಸಾಕು. ಹಾರ್ನೆಸ್ ಕೆಲಸವೇ ಹೊಟ್ಟೆಪಾಡಾಗಿರುವ ಎಲೆಕ್ಟ್ರಿಷಿಯನ್‌ಗಳು ಮಾತ್ರ ಧೈರ್ಯವಾಗಿ ಕೊಳ್ಳಬಹುದು. ಅದರ ಜೊತೆಗೆ ಬ್ರೇಕ್‌ಔಟ್ ಲೀಡ್‌ಗಳಿಗೂ ಹಣ ತೆಗೆದಿಡಬೇಕು, ಏಕೆಂದರೆ ಸೂಜಿಯಂಥ ಪ್ರೋಬ್‌ನಿಂದ ವೈರಿನ ಹೊದಿಕೆ ಚುಚ್ಚಿ ಅಳೆದರೆ ಮುಂದಿನ ಮಳೆಗಾಲಕ್ಕೆ ಅದೇ ತೂತಿನಲ್ಲಿ ಹೊಸ ಕಿಲುಬು ಶುರುವಾಗುತ್ತದೆ. ಮೀಟರಿನೊಳಗಿನ 11 ಆಂಪ್, 1000 ವೋಲ್ಟ್ ಫ್ಯೂಸ್ ಹೋದಾಗ ಅದೇ ದರ್ಜೆಯ ಫ್ಯೂಸನ್ನೇ ಹಾಕಬೇಕು. ಅಂಗಡಿಯಲ್ಲಿ ಸಿಗುವ ಸಾದಾ ಗಾಜಿನ ಫ್ಯೂಸ್ ಹಾಕಿದ ಮೀಟರನ್ನು ಹೆಚ್ಚಿನ ವೋಲ್ಟೇಜಿನ ಪ್ಯಾನೆಲ್ ಬಳಿಗೆ ಒಯ್ಯಲೇಬಾರದು.