ಹಿಮ ಬಿದ್ದ ಹಳ್ಳಿಯ ಕೊಲೆ: ಯಾವುದನ್ನು ಮೊದಲು ಓದೋಣ?

ಪತ್ತೇದಾರಿ ಕಾದಂಬರಿ ಬೇಕು, ಸುತ್ತ ಹಿಮ ಇರಬೇಕು, ರಕ್ತಪಾತ ಜಾಸ್ತಿ ಬೇಡ ಅಂತೀರಾ? ಹಾಗಾದರೆ ಅಗಾಥಾ ಕ್ರಿಸ್ಟಿಯ ‘ದಿ ಸಿಟಾಫರ್ಡ್ ಮಿಸ್ಟರಿ’ (1931), ಇಲ್ಲವೇ ಲೂಯಿಸ್ ಪೆನ್ನಿಯ ‘ಎ ಫೇಟಲ್ ಗ್ರೇಸ್’.

ಕ್ರಿಸ್ಟಿಯದು ಇಂಗ್ಲೆಂಡಿನ ಡಾರ್ಟ್‌ಮೂರ್. ಸಂಜೆ ಹೊತ್ತು ಹೋಗಲಿ ಅಂತ ಸುಮ್ನೆ ಮೇಜಿನ ಸುತ್ತ ಕೂತು ಆತ್ಮಗಳನ್ನು ಕರೆಯುತ್ತಾರೆ, ಮೇಜು ಅಲುಗಿ ಅಲುಗಿ ಕ್ಯಾಪ್ಟನ್ ಟ್ರೆವೆಲ್ಯನ್ ಸತ್ತ ಅನ್ನುತ್ತದೆ. ಅವನಿರುವುದು 6 ಮೈಲಿ ಆಚೆ, ಕಾರು ಹೋಗದಷ್ಟು ಹಿಮ, ಗೆಳೆಯ ಮೇಜರ್ ಬರ್ನಬಿ ಅದರಲ್ಲೇ ನಡೆದು ಹೊರಡುತ್ತಾನೆ. ಎಂಥಾ ಆರಂಭ ಅಲ್ವಾ! ಇದರಲ್ಲಿ ಕ್ರಿಸ್ಟಿಯ ಹೆಸರಾಂತ ಪತ್ತೇದಾರ ಪಾಯ್ರೊ ಇಲ್ಲ, ಪತ್ತೇದಾರಿ ಅಜ್ಜಿ ಮಿಸ್ ಮಾರ್ಪಲ್ ಕೂಡ ಇಲ್ಲ. ಮದುವೆ ಗೊತ್ತಾದ ಹುಡುಗನನ್ನು ಪೊಲೀಸರು ಹಿಡಿದಾಗ ಎಮಿಲಿ ಎಂಬ ಚುರುಕಿನ ಹುಡುಗಿ ತಾನೇ ತನಿಖೆಗೆ ಇಳಿಯುತ್ತಾಳೆ.

ಪೆನ್ನಿಯದು ಕೆನಡಾದ ಕ್ವಿಬೆಕ್, ತ್ರೀ ಪೈನ್ಸ್ ಎಂಬ ಕಾಲ್ಪನಿಕ ಹಳ್ಳಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಕರ್ಲಿಂಗ್, ಅಂದರೆ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಆಟ, ಅದನ್ನು ನೋಡುತ್ತಿದ್ದ ಹೆಂಗಸು ಊರವರ ಮಧ್ಯೆಯೇ ಕರೆಂಟ್ ಹೊಡೆದು ಸಾಯುತ್ತಾಳೆ. ತನಿಖೆ ನಿಧಾನ. ಊಟ, ಬೆಂಕಿಗೂಡು, ಜನರ ಹಳೇ ನೋವುಗಳೇ ಜಾಸ್ತಿ.

ಬರೀ ಒಗಟು ಬೇಕಿದ್ದರೆ ಕ್ರಿಸ್ಟಿ. ನನ್ನ ಓಟು ಮಾತ್ರ ಪೆನ್ನಿಗೆ, ಆ ಊರು ಬಿಟ್ಟು ಬರಲು ಮನಸ್ಸಾಗುವುದಿಲ್ಲ. ‘ಎ ಫೇಟಲ್ ಗ್ರೇಸ್’ ಪೆನ್ನಿಯ ತ್ರೀ ಪೈನ್ಸ್ ಸರಣಿಯ ಎರಡನೇ ಪುಸ್ತಕ, ಆದರೆ ನೇರವಾಗಿ ಇದನ್ನೇ ಹಿಡಿದರೂ ಕಥೆ ಅರ್ಥವಾಗುತ್ತದೆ.