ಪದ್ಮಿನಿ ಕಾರಿಗೆ ಕೈಯಿಂದ ಮಾಡಿದ ತಗಡು: ಕಾರವಾರದ ಒಂದು ಟಿಂಕರಿಂಗ್ ಶೆಡ್

ಕಾರವಾರದ ಕೋಡಿಬಾಗದಲ್ಲಿರುವ ಈ ಸಣ್ಣ ಟಿಂಕರಿಂಗ್ (ಕಾರಿನ ಬಾಡಿಯ ತಗಡು ಕೆಲಸದ) ಶೆಡ್ಡಿನಲ್ಲಿ ನನ್ನ ಪ್ರೀಮಿಯರ್ ಪದ್ಮಿನಿಗೆ ಎರಡೂ ಬದಿಯ ರನ್ನಿಂಗ್ ಬೋರ್ಡ್ (ಬಾಗಿಲುಗಳ ಕೆಳಗೆ ಉದ್ದಕ್ಕೂ ಇರುವ ಬಾಡಿಯ ಪಟ್ಟಿ), ಬಾಗಿಲುಗಳ ಕೆಳಭಾಗ ಮತ್ತು ಮುಂದಿನ ಮಡ್‌ಗಾರ್ಡಿನ ಹಿಂತುದಿಗಳನ್ನು ಹೊಸದಾಗಿ ಮಾಡಿಸಿದ್ದೇನೆ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಿಂದ ಆರಂಭವಾಗಿ ಮುಂದೆ ಪದ್ಮಿನಿಯಾದ ಈ ಕಾರಿನ ತಯಾರಿಕೆ ನಿಂತು ಎರಡು ದಶಕಗಳ ಮೇಲಾಯಿತು. ಬಾಡಿಯ ಹೊಸ ಭಾಗಗಳು ಸಿಗುವುದು ಅಪರೂಪ. ಗುಜರಿಯಲ್ಲಿ ದೊರೆತ ಭಾಗಕ್ಕೂ ಬಹುಮಟ್ಟಿಗೆ ನಮ್ಮ ಕಾರಿಗೆ ಹಿಡಿದ ಜಾಗದಲ್ಲಿಯೇ ತುಕ್ಕು ಹಿಡಿದಿರುತ್ತದೆ.

ಪದ್ಮಿನಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಬಾಡಿಯೇ ಭಾರ ಹೊರುವುದರಿಂದ ರನ್ನಿಂಗ್ ಬೋರ್ಡನ್ನು ಕತ್ತರಿಸಿದ ಕೂಡಲೇ ಕಾರು ನಡುವಿನಲ್ಲಿ ಜಗ್ಗುವ ಅಪಾಯವಿದೆ. ಹಾಗೆ ಜಗ್ಗಿದ ಮೇಲೆ ಎಷ್ಟು ಚೆಂದದ ತಗಡು ಕೂರಿಸಿದರೂ ಬಾಗಿಲು ಮತ್ತೆ ಸರಿಯಾಗಿ ಮುಚ್ಚುವುದಿಲ್ಲ. ಇಲ್ಲಿಯ ಮೇಸ್ತ್ರಿಯವರು ಗ್ರೈಂಡರ್ ಹಿಡಿಯುವ ಮೊದಲೇ ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಕಬ್ಬಿಣದ ಪೈಪು ಬೆಸೆದು, ಮೂಲೆಯಿಂದ ಮೂಲೆಗೆ ಅಳತೆ ಬರೆದಿಟ್ಟುಕೊಂಡು, ಒಂದು ಬದಿಯ ಕೆಲಸ ಪೂರ್ತಿ ಮುಗಿಯುವವರೆಗೆ ಇನ್ನೊಂದು ಬದಿಯನ್ನು ಮುಟ್ಟಲಿಲ್ಲ. ಹೊಸ ಭಾಗವನ್ನು ಅಲ್ಲಲ್ಲಿ ಚುಕ್ಕೆ ಬೆಸುಗೆಯಿಂದ ಮಾತ್ರ ನಿಲ್ಲಿಸಿ, ಬಾಗಿಲನ್ನು ತೂಗುಹಾಕಿ, ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮನಾಗಿದೆಯೇ ಎಂದು ನೋಡಿದ ಮೇಲೆಯೇ ಪೂರ್ತಿ ಬೆಸೆದರು. ಈ ತಾಳ್ಮೆ ನನಗೆ ಬೇರೆಲ್ಲಿಯೂ ಕಾಣಸಿಕ್ಕಿರಲಿಲ್ಲ.

ತಗಡಿನ ಆಯ್ಕೆಯಲ್ಲಿಯೂ ವಿವೇಕವಿದೆ. ಹೊರಮೈಗೆ 20 ಗೇಜಿನದು, ಭಾರ ಹೊರುವ ಕಡೆ ಅದಕ್ಕಿಂತ ದಪ್ಪನೆಯ 18 ಗೇಜಿನದು (ಗೇಜಿನ ಸಂಖ್ಯೆ ಇಳಿದಷ್ಟೂ ತಗಡು ದಪ್ಪ). ಬೆಸುಗೆಯ ಕಾವಿಗೆ ತೆಳು ತಗಡು ಸೊಟ್ಟಗಾಗುತ್ತದೆ ಎಂಬ ಕಾರಣಕ್ಕೆ ಉದ್ದಕ್ಕೆ ಎಳೆಯದೆ, ದೂರದೂರದಲ್ಲಿ ಚುಕ್ಕೆಯಿಟ್ಟು, ತಣಿಯಲು ಬಿಟ್ಟು, ಸುತ್ತಿಗೆ ಮತ್ತು ಡಾಲಿಯಿಂದ (ತಗಡಿನ ಹಿಂಬದಿಗೆ ಒತ್ತಿ ಹಿಡಿಯುವ ಲೋಹದ ಗಟ್ಟಿ) ಹದಗೊಳಿಸುತ್ತಾರೆ.

ನನ್ನ ಮಟ್ಟಿಗೆ ಈ ಶೆಡ್ಡಿನ ನಿಜವಾದ ಹೆಚ್ಚುಗಾರಿಕೆ ಕಣ್ಣಿಗೆ ಬೀಳದ ಒಳಬದಿಯಲ್ಲಿದೆ. ನಮ್ಮ ಕರಾವಳಿಯ ಗಾಳಿಯಲ್ಲಿರುವ ಉಪ್ಪು ತೇವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದರಿಂದ ಕಾರು ಒಳಗಿನಿಂದಲೇ ಕೊಳೆಯುತ್ತದೆ. ಹಿಂದೊಮ್ಮೆ ಬೇರೊಂದು ಗ್ಯಾರೇಜಿನವರು ತುಕ್ಕಿನ ಮೇಲೆಯೇ ತೇಪೆ ಬೆಸೆದು ಪುಟ್ಟಿ ಮೆತ್ತಿದ್ದರು. ಮುಂದಿನ ಮಳೆಗಾಲದಲ್ಲಿಯೇ ಪೇಂಟು ಗುಳ್ಳೆಯೆದ್ದಿತು. ತೇಪೆಯ ಎರಡು ತಗಡುಗಳ ನಡುವೆ ನೀರು ನಿಂತರೆ ಯಾವ ಪೇಂಟೂ ಅದನ್ನು ಕಾಯಲಾರದು. ಈ ಶೆಡ್ಡಿನವರು ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊರಮೈಯಲ್ಲಿ ಅಂಚಿಗೆ ಅಂಚು ಕೂಡಿಸಿ ಬೆಸೆದಿದ್ದಾರೆ. ಒಂದರ ಮೇಲೊಂದು ಬರಲೇಬೇಕಾದ ಮಡಿಕೆಗಳಿಗೆ ಮೊದಲೇ ಸತುವಿನ ಪ್ರೈಮರ್ ಬಳಿದು, ಸಂದುಗಳಿಗೆ ಸೀಲರ್ ತುಂಬಿ, ಪೇಂಟಿನ ನಂತರ ಟೊಳ್ಳಿನೊಳಗೆ ಮೇಣ ಸಿಂಪಡಿಸಿದ್ದಾರೆ. ಬಾಗಿಲಿನ ಅಡಿಯ ನೀರು ಹೋಗುವ ತೂತುಗಳನ್ನು ಮೂಲದಲ್ಲಿದ್ದ ಜಾಗದಲ್ಲಿಯೇ ತೆರೆದಿರುವುದು ನನಗೆ ಬಹಳ ಸಮಾಧಾನ ಕೊಟ್ಟಿತು.

ಕೊರತೆಯೂ ಇದೆ. ಹೆಡ್‌ಲೈಟಿನ ಸುತ್ತ ಎರಡು ದಿಕ್ಕಿಗೂ ಬಾಗುವ ಮೈಯನ್ನು ಮರಳುಚೀಲ ಮತ್ತು ಮರದ ಅಚ್ಚಿನ ಮೇಲೆ ಬಡಿದು ಮಾಡಲು ಒಪ್ಪುತ್ತಾರಾದರೂ, ಶೆಡ್ಡಿನಲ್ಲಿ ಮಾದರಿಗೆಂದು ಇಟ್ಟಿದ್ದ ತುಂಡಿನಲ್ಲಿ ಸುತ್ತಿಗೆಯ ಏರುತಗ್ಗು ಕೈಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. ಅದನ್ನು ಮುಚ್ಚಲು ದಪ್ಪ ಪುಟ್ಟಿಯೇ ಬೇಕು. ಆ ಭಾಗ ಅರ್ಧದಷ್ಟಾದರೂ ಗಟ್ಟಿಯಿದ್ದರೆ ಹಳೆಯದನ್ನೇ ಉಳಿಸಿಕೊಂಡು, ಸಪಾಟಾದ ಮತ್ತು ಒಂದೇ ದಿಕ್ಕಿಗೆ ಬಾಗುವ ಭಾಗಗಳನ್ನು ಮಾತ್ರ ಇವರಿಗೆ ಒಪ್ಪಿಸುವುದು ಒಳ್ಳೆಯದು.

ಮನೆಯಲ್ಲಿಯೇ ರಟ್ಟಿನಲ್ಲಿ ನಮೂನೆ ಕತ್ತರಿಸಿ ತಂದರೆ ಇವರು ಸಂತೋಷದಿಂದ ಬಳಸುತ್ತಾರೆ. ಕೂಲಿಯೂ ಅಷ್ಟರಮಟ್ಟಿಗೆ ಇಳಿಯುತ್ತದೆ. ಒಂದು ಬದಿ ಗಟ್ಟಿಯಿದ್ದರೆ ಅದರ ನಮೂನೆಯನ್ನು ಮಗುಚಿ ಇನ್ನೊಂದು ಬದಿಗೆ ಹಿಡಿಯಬಹುದು, ಆದರೆ ಹಳೆಯ ಅಪಘಾತದಲ್ಲಿ ಬಾಡಿ ಸರಿದಿರಬಹುದಾದ್ದರಿಂದ ಅಳತೆ ತಾಳೆ ನೋಡಲೇಬೇಕು. ತಗಡಿನ ಬೆಲೆಯನ್ನು ಬೇರೆಯಾಗಿ, ಬಿಲ್ಲಿನ ಸಮೇತ ತೋರಿಸುತ್ತಾರೆ. ಮಳೆಗಾಲದ ತೇವದಲ್ಲಿ ಬರಿ ತಗಡಿಗೆ ಬಹುಬೇಗ ತುಕ್ಕು ಏರುವುದರಿಂದ ಕಾರನ್ನು ದೀಪಾವಳಿ ಕಳೆದ ಮೇಲೆ ಒಪ್ಪಿಸಿ, ಮೇ ತಿಂಗಳೊಳಗೆ ಪೇಂಟು ಮುಗಿಸುವಂತೆ ಮೊದಲೇ ಮಾತಾಡಿಕೊಳ್ಳಿ.