ಜೋಡಿನಳಿಗೆಯ ಬಟ್‌ಗೆ ರಬ್ಬರ್ ಪ್ಯಾಡ್: ಒದೆತ ಎಷ್ಟು ತಗ್ಗುತ್ತದೆ?

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಒರೆಸಿ ಎಣ್ಣೆ ಹಾಕುವ ಕೆಲಸ ಶುರು. ತೆಂಗಿನಕಾಯಿಗೆ ಗುಂಡು ಹೊಡೆಯಲು .22 ಎಂಬ ಸಣ್ಣ ಗುಂಡಿನ ರೈಫಲ್ ಹಿಡಿಯುವವರಿಗೆ ಒದೆತದ, ಅಂದರೆ ಗುಂಡು ಹಾರಿದಾಗ ಕೋವಿ ಹೆಗಲಿಗೆ ಬಡಿಯುವ ಏಟಿನ, ಚಿಂತೆಯೇ ಇಲ್ಲ. 12 ಬೋರಿನ ಜೋಡಿನಳಿಗೆ ಕೋವಿ ಹಿಡಿಯುವವರಿಗೆ ಮಾತ್ರ, ಬಟ್‌ಗೆ (ಹೆಗಲಿಗೆ ಒರಗುವ ಹಿಂತುದಿಗೆ) ಕಾಲುಚೀಲದಂತೆ ಏರಿಸುವ ಒಂದಿಂಚು ದಪ್ಪದ ಈ ಮೆತ್ತನೆ ಪ್ಯಾಡ್ ನಿಜಕ್ಕೂ ಕೊಳ್ಳುವಂಥದ್ದು. ಆದರೆ ಅಳತೆ ನೋಡದೆ ಕೊಂಡರೆ ಉಪಕಾರಕ್ಕಿಂತ ಉಪದ್ರವವೇ ಹೆಚ್ಚು.

ಪ್ಯಾಡ್ ಒದೆತವನ್ನು ನುಂಗಿಬಿಡುವುದಿಲ್ಲ. ಒಂದೇ ಏಟಿಗೆ ಬಡಿಯುವ ಬಲವನ್ನು ತುಸು ಹೊತ್ತಿಗೆ, ತುಸು ಅಗಲಕ್ಕೆ ಹರಡುತ್ತದೆ, ಅಷ್ಟೇ. ಒದೆತವನ್ನೇ ಇಳಿಸಬೇಕಾದರೆ 32 ಗ್ರಾಂ ಚರೆಯ (ಸಣ್ಣ ಗುಂಡುಗಳ) ತೋಟಾ ಬಿಟ್ಟು 24 ಅಥವಾ 28 ಗ್ರಾಮಿನದು ಹಾಕಬೇಕು. ಇನ್ನೊಂದು ಮುಖ್ಯ ವಿಷಯ: ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಎಷ್ಟೋ 65 ಮಿ.ಮೀ. ಚೇಂಬರಿನವು (ಚೇಂಬರ್ ಎಂದರೆ ನಳಿಗೆಯಲ್ಲಿ ತೋಟಾ ಕೂರುವ ಜಾಗ). 70 ಮಿ.ಮೀ. ತೋಟಾ ಅದರೊಳಗೆ ಸಲೀಸಾಗಿ ಕೂತರೂ, ಸಿಡಿದಾಗ ತೋಟಾದ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋವಿ ವಿಪರೀತ ಒದೆಯುತ್ತಿದ್ದರೆ ಮೊದಲು ನಳಿಗೆಯ ಕೆಳಗಿನ ಮುದ್ರೆ ನೋಡಿ, ಕೋವಿ ರಿಪೇರಿಯವರಿಂದ ಚೇಂಬರ್ ಅಳೆಸಿ. ಇದಕ್ಕೆ ಪ್ಯಾಡ್ ಮದ್ದಲ್ಲ.

ಪ್ಯಾಡ್ ಏರಿಸುವ ಮುನ್ನ ನಳಿಗೆ ಬಾಗಿಸಿ ಕೋವಿ ತೆರೆದು ಎರಡೂ ನಳಿಗೆ ಖಾಲಿಯಿದೆಯೇ ನೋಡಿ. ಪ್ಯಾಡಿನ ಒಳಗೆ ಟಾಲ್ಕಂ ಪೌಡರ್ ಸವರಿ, ಬಟ್‌ನ ಕೆಳತುದಿಯನ್ನು ಮೊದಲು ತೂರಿಸಿ, ಆಮೇಲೆ ಮೇಲಂಚನ್ನು ಎಳೆದು ಕೂರಿಸಿ. ಎಣ್ಣೆ ಬೇಡ, ರಬ್ಬರ್ ಹಾಳಾಗುತ್ತದೆ. ಕೈಯಲ್ಲಿ ತಿರುಚಿದಾಗ ಪ್ಯಾಡ್ ಜಾರಿದರೆ ಸೈಜು ದೊಡ್ಡದು ಎಂದರ್ಥ.

ಟ್ರಿಗರಿನಿಂದ ಬಟ್‌ವರೆಗಿನ ಉದ್ದ ಸಾಮಾನ್ಯವಾಗಿ ಹದಿನಾಲ್ಕು, ಹದಿನಾಲ್ಕೂಕಾಲು ಇಂಚು. ಒಂದಿಂಚಿನ ಪ್ಯಾಡ್ ಏರಿದರೆ ಹದಿನೈದು ಮುಟ್ಟುತ್ತದೆ, ಇಲ್ಲವೇ ದಾಟುತ್ತದೆ. ಎತ್ತರದವರಿಗೆ ಸರಿ. ಕುಳ್ಳಗಿನವರು ಎತ್ತಿದರೆ ಬಟ್ ಕಂಕುಳಲ್ಲಿ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೆಗಲಿನ ಗುಳಿ ಬಿಟ್ಟು ತೋಳಿನ ಮೇಲೆ ಕೂರುತ್ತದೆ. ಮರುದಿನ ತೋಳು ನೀಲಿಗಟ್ಟುವುದು ಅದಕ್ಕೇ. ಅಂಥವರಿಗೆ ಅರ್ಧ ಇಂಚಿನದೇ ಲೇಸು. ಬಟ್ ಕತ್ತರಿಸಿ ಖಾಯಂ ಪ್ಯಾಡ್ ಕೂರಿಸುವ ದಾರಿಯೂ ಇದೆ, ಆದರೆ ಅಜ್ಜನ ಕಾಲದ ಕೋವಿಗೆ ಗರಗಸ ತಾಗಿಸಬೇಡಿ.

ಪ್ಯಾಡಿನ ನಿಜವಾದ ಗುಣ ಕಾಣುವುದು ಮರದ ಮೇಲಿನ ಕಾಯಿಗೆ ಗುರಿಯಿಟ್ಟಾಗ. ನಳಿಗೆ ಮೇಲೆದ್ದಂತೆ ಸವೆದ ಮರದ ಬಟ್ ಹೆಗಲಿನಿಂದ ಕೆಳಗೆ ಜಾರುತ್ತದೆ. ರಬ್ಬರ್ ಅಂಗಿಯನ್ನು ಕಚ್ಚಿ ಹಿಡಿಯುತ್ತದೆ. ಮುಂದಿನ ಕೈ ನಳಿಗೆಯ ಕೆಳಗಿನ ಮರವನ್ನು ಬಿಗಿಯಾಗಿ ಹಿಡಿದು ತುಸು ಮುಂದಕ್ಕೆ ತಳ್ಳಿದಂತಿರಲಿ, ಕೆನ್ನೆ ಬಟ್‌ಗೆ ಒತ್ತಿರಲಿ.

ಪ್ಯಾಡ್ ಹಾಕಿದ ಮೇಲೂ ಗುರಿ ತಪ್ಪುತ್ತಿದೆಯೇ? ಇನ್ನೊಬ್ಬರ ಕೈಯಲ್ಲಿ ಡಮ್ಮಿ (ಸಿಡಿಯದ) ತೋಟಾಗಳನ್ನು ನಿಜವಾದವುಗಳ ಜೊತೆ ಬೆರೆಸಿ ತುಂಬಿಸಿ. ಡಮ್ಮಿ ಬಂದಾಗ ನಳಿಗೆಯ ತುದಿ ತಟಕ್ಕನೆ ಕೆಳಗೆ ಕುಕ್ಕಿದರೆ ತೊಂದರೆ ಹೆಗಲಲ್ಲಿಲ್ಲ, ಏಟಿಗೆ ಮೊದಲೇ ಹೆದರುವ ಕೈಯಲ್ಲಿದೆ.

ಕೊನೆಗೆ ಮಳೆಗಾಲ. ಪ್ಯಾಡ್ ಹಾಕಿಯೇ ಕೋವಿ ಇಟ್ಟರೆ ಒಳಗೆ ತೇವ ನಿಂತು ಬಟ್‌ನ ಹಿಂಬದಿಯ ಪ್ಲೇಟಿನ ಸ್ಕ್ರೂ ತುಕ್ಕು ಹಿಡಿಯುತ್ತದೆ, ಮರಕ್ಕೆ ಬೂಷ್ಟು ಬರುತ್ತದೆ. ಗುಂಡು ಹೊಡೆದಾದ ಮೇಲೆ ಬಿಚ್ಚಿ, ಒರೆಸಿ, ಬೇರೆಯಾಗಿಯೇ ಇಡಿ.